ವ್ಯಾನಿನ ಕೆಳಗೆ ಹಾಸಿದ ಪೇಪರು

ನಮ್ಮ ವ್ಯಾನಿನ ಕೆಳಗೆ ಯಾವಾಗಲೂ ನೀರು ತೊಟ್ಟಿಕ್ಕುತ್ತಿತ್ತು. ಬೇರೆಯವರು ಗಾಡಿಯ ಕೆಳಗೆ ನೀರು ಕಂಡರೆ ಗಾಬರಿಯಾಗುತ್ತಾರೆ. ನಮಗೆ ನೀರು ಕಾಣದಿದ್ದರೆ ಗಾಬರಿ.

ನಮ್ಮದು ಚಾಕಿ ಮನೆ. ಮಾಲೂರಿನಿಂದ ಮಾಸ್ತಿಗೆ ಹೋಗುವ ದಾರಿಯಲ್ಲಿ, ಊರಿನಿಂದ ಸ್ವಲ್ಪ ಹೊರಗಿದೆ. ರೇಷ್ಮೆ ಸಾಕುವವರಿಗೆ ಇದೆಲ್ಲ ಗೊತ್ತಿರುವುದೇ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮೊಟ್ಟೆಯಿಂದ ಆಗತಾನೆ ಹೊರಬಂದ ಹುಳು ಇರುವೆಗಿಂತ ಸಣ್ಣದು. ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು, ಕೋಣೆಯ ಶಾಖ ಏರದಂತೆ, ತೇವ ಆರದಂತೆ ನೋಡಿಕೊಳ್ಳಬೇಕು. ಹೊಲ, ಹಸು, ಮನೆ ಎಲ್ಲ ಇರುವ ರೈತರಿಗೆ ಅಷ್ಟು ಹೊತ್ತು ಸಿಗುವುದಿಲ್ಲ. ಅದಕ್ಕೇ ನಮ್ಮಂಥವರು ಹುಳು ಬಿಡಿಸಿ, ಎರಡನೇ ಜ್ವರದವರೆಗೆ ಸಾಕಿ, ಅವರ ಮನೆ ಬಾಗಿಲಿಗೆ ತಲುಪಿಸುತ್ತೇವೆ. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತು ಚರ್ಮ ಕಳಚುವ ಹೊತ್ತು ಅದು. ಸಾಗಿಸುವುದಿದ್ದರೆ ಆಗಲೇ ಸಾಗಿಸಬೇಕು. ಎದ್ದವೆಂದರೆ ಅವಕ್ಕೆ ಆ ಗಳಿಗೆಯೇ ಸೊಪ್ಪು ಬೇಕು, ದಾರಿಯಲ್ಲಿ ಕೊಡುವುದಕ್ಕಾಗುವುದಿಲ್ಲ.

ಹಾಗಾಗಿ ನಾವು ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದೆವು. ವ್ಯಾನಿನ ಹಿಂದಿನ ಸೀಟುಗಳನ್ನು ಎಂದೋ ಕಿತ್ತು ಹಾಕಿ, ಅಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವಂತೆ ಇವರು ಕಟ್ಟು ಮಾಡಿಸಿದ್ದರು. ಇವರು ಅಂದರೆ ನಮ್ಮ ಯಜಮಾನರು. ತಟ್ಟೆಗಳ ಸುತ್ತ ಒದ್ದೆ ಗೋಣಿ ಇಳಿಬಿಡುವುದು ನನ್ನ ಕೆಲಸ. ಗೋಣಿಯ ನೀರು ಇಳಿದು ಇಳಿದು ವ್ಯಾನಿನ ತಳದ ತೂತುಗಳಿಂದ ರಸ್ತೆಯುದ್ದಕ್ಕೂ ಬೀಳುತ್ತಿತ್ತು. ಜ್ವರಕ್ಕೆ ಕೂತ ಹುಳುವಿನ ಮೇಲೆ ಉದುರಿಸಿದ ಸುಣ್ಣದ ಪುಡಿ ಗಾಡಿಯ ಮೂಲೆ ಮೂಲೆಯಲ್ಲೂ ಇರುತ್ತಿತ್ತು. ಒದ್ದೆ ಮತ್ತು ಬಿಳಿ, ನಮ್ಮ ವ್ಯಾನಿನ ಬಣ್ಣವೇ ಅದು ಎಂದು ಶ್ರೀನಿವಾಸಪುರದ ಕಡೆ ರೈತರೊಬ್ಬರು ತಮಾಷೆ ಮಾಡುತ್ತಿದ್ದರು.

ಆ ವ್ಯಾನಿನಲ್ಲಿ ಹುಳು ಬಿಟ್ಟು ಬೇರೇನನ್ನೂ ನಾವು ಸಾಗಿಸಿದವರಲ್ಲ. ನೆಂಟರ ಮನೆ ಮದುವೆಗೆ ಹೋಗುವಾಗಲೂ ಬಸ್ಸಿಗೇ ಹೋಗಿದ್ದೇವೆ. ಅದರಲ್ಲಿ ಯಾರೂ ಬೀಡಿ ಹಚ್ಚಿದವರಿಲ್ಲ, ನಾನು ಹೂ ಮುಡಿದು ಕೂತದ್ದಿಲ್ಲ. ಹುಳುವಿನ ಮೂಗು ಅಷ್ಟು ಸೂಕ್ಷ್ಮ. ನಮ್ಮ ಜಿಲ್ಲೆಯ ಯಾವ ಟೆಂಪೋ ನೋಡಿದರೂ ನಿನ್ನೆ ಟೊಮೇಟೊ ಹೊತ್ತದ್ದು, ನಾಳೆ ಕೋಸು ಹೊರುವಂಥದ್ದು. ಔಷಧಿ ಹೊಡೆದ ಕಾಯಿ ಕೂತೆದ್ದ ಜಾಗದಲ್ಲಿ ಚಾಕಿ ಹುಳು ಇಟ್ಟರೆ ಊರು ಮುಟ್ಟುವಷ್ಟರಲ್ಲಿ ತಲೆ ಕೆಳಗೆ ಹಾಕಿ ಬಿದ್ದಿರುತ್ತವೆ. ಬಾಡಿಗೆ ಗಾಡಿ ನಮಗೆ ಇದ್ದೂ ಇಲ್ಲದ ಹಾಗೆ. ಈ ಹಳೆಯ ವ್ಯಾನು ಓಡಿದರೆ ಚಾಕಿ ಮನೆ, ನಿಂತರೆ ಅದೂ ಇಲ್ಲ. ಇದನ್ನು ನಾವಿಬ್ಬರೂ ಒಂದು ದಿನವೂ ಬಾಯಿಬಿಟ್ಟು ಆಡಿಕೊಂಡಿರಲಿಲ್ಲ.

ಮೊದಲು ಗೊತ್ತಾಗಿದ್ದು ನನಗೆ. ಆ ವ್ಯಾನಿನಲ್ಲಿ ಎಂಜಿನ್ನು ಇರುವುದು ಮುಂದಿನ ಸೀಟಿನ ಅಡಿಯಲ್ಲೇ. ಬೇಸಿಗೆಯಲ್ಲಿ ಸೀಟಿನ ಮೇಲೆ ಮಡಿಸಿದ ಗೋಣಿ ಹಾಕಿಕೊಂಡು ಕೂರುವುದು ನನಗೆ ರೂಢಿ. ಆದರೆ ಅದು ಮಾಗಿಯ ಚಳಿ. ವಕ್ಕಲೇರಿ ದಾಟುವ ಹೊತ್ತಿಗೆ ಕಿಟಕಿ ಗಾಜಿನ ಮೇಲೆ ಇಬ್ಬನಿ, ತೊಡೆಯ ಕೆಳಗೆ ಮಾತ್ರ ಒಲೆ. ಹೇಳಿದೆ. ಚಳಿಗೆ ಹಿತವಾಗಿರುತ್ತೆ ಬಿಡು ಎಂದರು. ಕೋಲಾರ ದಾಟಿ ಮುಳಬಾಗಿಲ ಕಡೆ ಏರಿನಲ್ಲಿ ಶಾಖದ ಮುಳ್ಳು ಮೇಲಕ್ಕೆ ಹೋಯಿತು. ನಿಲ್ಲಿಸಿ, ಆರಲು ಬಿಟ್ಟು, ರೇಡಿಯೇಟರಿಗೆ ನೀರು ಸುರಿದರು. ಒಂದು ಬಾಟಲು ಪೂರ್ತಿ ಹಿಡಿಯಿತು. ಮುಂದಿನ ಸಲ ಎರಡು.

ಮಾಲೂರಿನಲ್ಲಿ ನಮ್ಮ ವ್ಯಾನು ನೋಡುತ್ತಿದ್ದ ಮೆಕ್ಯಾನಿಕ್ ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ಕನ್ನಡ, ಬೈಯುವಾಗ ತೆಲುಗು ಆಡುವವರು. ನನಗಿಂತ ಚಿಕ್ಕವರು, ನನ್ನನ್ನು ಅಕ್ಕ ಎನ್ನುತ್ತಾರೆ. ಗಾಡಿಯ ಕೆಳಗೆ ಅಂಗಾತ ಮಲಗಿ ನೋಡಿದರು. ತಳವೆಲ್ಲ ಒದ್ದೆ. ಪೈಪಿನ ಮೂತಿಯಲ್ಲಿ ಬಿಳಿ ಕರೆ. ಪೈಪು ಬಿಟ್ಟಿದೆ ಎಂದು ಹೊಸದು ಹಾಕಿದರು. ಒದ್ದೆ ನಮ್ಮ ಗೋಣಿಯದು, ಬಿಳುಪು ನಮ್ಮ ಸುಣ್ಣದ್ದು ಎಂದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಸ್ವಲ್ಪ ದಿನ ಮುಳ್ಳು ಸುಮ್ಮನಿತ್ತು. ಮತ್ತೆ ಎದ್ದಿತು. ಆಗ ರೇಡಿಯೇಟರ್ ಮುಚ್ಚಳ ಬದಲಾಯಿತು. ಅದಾದ ಮೇಲೆ ನೀರು ತಡೆದು ಬಿಡುವ ವಾಲ್ವನ್ನೇ ಕಿತ್ತು ಕೈಗೆ ಕೊಟ್ಟು, ಇದಿಲ್ಲದಿದ್ದರೇ ಒಳ್ಳೆಯದು ಎಂದರು. ಒಂದೊಂದು ರಿಪೇರಿಗೂ ಒಂದೊಂದು ಹುಳುವಿನ ಬೆಳೆಯಷ್ಟು ಆಯಸ್ಸು. ಆಮೇಲೆ ಮತ್ತೆ ಬಾಟಲು.

ಇವರಿಗೆ ಅದು ಅಭ್ಯಾಸವಾಗಿಬಿಟ್ಟಿತು. ಹೊರಡುವಾಗ ಚಪ್ಪಲಿ ಮೆಟ್ಟಿದ ಹಾಗೆ ನೀರಿನ ಕ್ಯಾನು ಹತ್ತಿಸುವುದು. ನನಗೆ ಆಗಲಿಲ್ಲ. ಬೋರ್‌ವೆಲ್ಲಿನ ನೀರು ಬಾಟಲು ಬಾಟಲು ಹೊಟ್ಟೆಗೆ ಹೋಗುತ್ತಿದೆ, ಅದು ಎಲ್ಲಿಂದಲಾದರೂ ಆಚೆ ಬರಬೇಕಲ್ಲ? ಗೋಣಿಯ ನೀರು ಯಾವುದು, ಎಂಜಿನ್ನಿನ ನೀರು ಯಾವುದು ಎಂದು ಬೇರೆ ಮಾಡಿ ನೋಡದೆ ಇದು ಬಗೆಹರಿಯುವುದಿಲ್ಲ ಅನ್ನಿಸಿತು.

ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಚಾಕಿ ಮನೆ ತೊಳೆದು ಖಾಲಿ ಬಿಡುವ ದಿನಗಳಿರುತ್ತವೆ. ಆಗ ವ್ಯಾನಿನಿಂದ ಗೋಣಿ, ತಟ್ಟೆ ಎಲ್ಲ ಇಳಿಸಿ, ಒಳಗೆಲ್ಲ ಗುಡಿಸಿ, ಒಣಬಟ್ಟೆಯಲ್ಲಿ ಒರೆಸಿದೆ. ತಳವನ್ನೂ ಕೈ ಹೋದಷ್ಟು ದೂರ ಒರೆಸಿದೆ. ರೇಡಿಯೇಟರಿಗೆ ಬಾಯಿಮಟ್ಟ ನೀರು ತುಂಬಿಸಿ, ಖಾಲಿ ಗಾಡಿಯಲ್ಲಿ ಮಾಸ್ತಿಯವರೆಗೆ ಹೋಗಿ ಬನ್ನಿ ಎಂದೆ. ಬಂದು ನಿಲ್ಲಿಸಿದ ಮೇಲೆ ಗಾಡಿಯ ಕೆಳಗೆ ಪೂರ್ತಿ ಪೇಪರು ಹಾಸಿದೆ, ತಟ್ಟೆಗೆ ಹಾಸಲು ಇಟ್ಟುಕೊಂಡ ಹಳೆಯ ಪೇಪರು. ಇವರು ಜಗಲಿಯ ಮೇಲೆ ಕೂತು ನೋಡುತ್ತಿದ್ದರು.

"ಹುಳಕ್ಕೆ ಹಾಸೋ ಪೇಪರ್ ಗಾಡಿಗೆ ಹಾಸ್ತಾ ಇದೀಯ. ನಾಲ್ಕು ಸೊಪ್ಪೂ ಉದುರಿಸ್ಬಿಡು, ಬೆಳಗ್ಗೆ ಹೊತ್ಗೆ ಜ್ವರದಿಂದ ಏಳುತ್ತೆ."

ನಾನೂ ನಕ್ಕೆ. ಒಂದು ಹನಿ ಬಿದ್ದರೆ ಸಾಕಿತ್ತು. ಹನಿ ಬಿದ್ದ ಜಾಗದ ನೇರಕ್ಕೆ ಮೇಲೆ ಎಲ್ಲೋ ತೂತಿರುತ್ತದೆ, ತೂತನ್ನು ಮುಚ್ಚಬಹುದು. ಬೆಳಗ್ಗೆ ಕಸ ಗುಡಿಸುವ ಮೊದಲೇ ಹೋಗಿ ಬಗ್ಗಿ ನೋಡಿದೆ. ಪೇಪರು ಹಾಸಿದ ಹಾಗೇ ಇತ್ತು. ಒಂದೊಂದು ಹಾಳೆಯನ್ನೂ ಎತ್ತಿ ಬೆಳಕಿಗೆ ಹಿಡಿದೆ. ಎಲ್ಲೂ ಕಲೆ ಇಲ್ಲ. ಹಪ್ಪಳದಷ್ಟು ಒಣಗಿತ್ತು. ಮುಚ್ಚಳ ತಿರುಗಿಸಿ ಬಾಟಲಿನಿಂದ ನೀರು ಹಾಕಿದೆ. ಮುಕ್ಕಾಲು ಬಾಟಲು ಇಳಿಯಿತು.

ಒಣಗಿದ್ದು ಕಂಡು ಅಷ್ಟು ಭಯಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಹೊರಗೆ ಬರದ ನೀರು ಒಳಗೇ ಹೋಗುತ್ತಿದೆ. ಇವರನ್ನು ಕರೆದು ತೋರಿಸಿದೆ. ಪೇಪರನ್ನು ತಾವೂ ಎತ್ತಿ ನೋಡಿದರು, ಹಿಂದೆ ತಿರುಗಿಸಿ ನೋಡಿದರು. ಆವಿಯಾಗಿರಬೇಕು ಎಂದರು. ಕಾಫಿ ಅರ್ಧ ಕುಡಿದು ಇಟ್ಟರು.

ಮಾಲೂರಿಗೆ ಕೂಡಲೇ ಹೋಗಬೇಕಿತ್ತು. ಹೋಗಲಿಲ್ಲ. ಗೊತ್ತಾದರೆ ಗೊತ್ತಾಗಿಯೇ ಬಿಡುತ್ತದಲ್ಲ ಎಂದು ಇಬ್ಬರಿಗೂ ಒಳಗೊಳಗೇ ಇತ್ತೇನೋ. ಅಷ್ಟರಲ್ಲಿ ಹೊಸ ಮೊಟ್ಟೆ ಬಂದವು, ಹುಳು ಬಿಟ್ಟವು. ಸೊಪ್ಪು ಹೆಚ್ಚುವುದು, ಬೆಳೆದ ಹುಳುವನ್ನು ಬೇರೆ ಬೇರೆ ತಟ್ಟೆಗೆ ಹರಡುವುದು, ಮೊದಲನೇ ಜ್ವರ. ಎರಡನೆಯದು ಹತ್ತಿರ ಬಂದಾಗ ಬೇರೆ ದಾರಿಯಿಲ್ಲದೆ ಒಂದು ಬೆಳಗ್ಗೆ ಮಾಲೂರಿಗೆ ಹೊರಟೆವು. ಬೆಳಗ್ಗೆಯೇ ಯಾಕೆಂದರೆ ಎಂಜಿನ್ನು ತಣ್ಣಗಿರುವಾಗ ನೋಡಬೇಕು, ಹಿಂದಿನ ದಿನವೇ ತಂದು ಬಿಟ್ಟುಹೋಗಿ ಎಂದು ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ್ದರು. ಪೇಪರಿನ ವಿಷಯ ಕೇಳಿದಾಗಿನಿಂದ ಅವರ ದನಿ ಬದಲಾಗಿತ್ತು. ಗಾಡಿಯನ್ನು ಸಂಜೆ ಬಿಟ್ಟು ಬಂದಿದ್ದೆವು; ಬೆಳಗ್ಗೆ ಬಸ್ಸಿನಲ್ಲಿ ಹೋದೆವು.

ಸೀಟು ಎತ್ತಿ ಎಣ್ಣೆಯ ಕಡ್ಡಿ ಎಳೆದು ನೋಡಿದರು. ಎಣ್ಣೆ ಕಪ್ಪಗೇ ಇತ್ತು. ನೀರು ಎಣ್ಣೆಗೆ ಸೇರಿದ್ದರೆ ಹಾಲು ಹಾಕಿದ ಕಾಫಿಯ ಹಾಗೆ ಆಗುತ್ತದಂತೆ. ಇವರ ಮುಖ ಅರಳಿತು. ಆಮೇಲೆ ಪ್ಲಗ್ಗುಗಳನ್ನು ಬಿಚ್ಚಿ ಹಲಗೆಯ ಮೇಲೆ ಸಾಲಾಗಿ ಇಟ್ಟರು. ಎಲ್ಲವೂ ಮಸಿ ಹಿಡಿದಿದ್ದವು, ಒಂದು ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದ ಹಾಗೆ ಬೆಳ್ಳಗಿತ್ತು. ಅದು ಚೆನ್ನಾಗಿದೆಯಲ್ಲ ಎಂದರು ಇವರು. ಮೆಕ್ಯಾನಿಕ್ ಅದನ್ನು ತಿರುಗಿಸಿ ನೋಡಿದರು. ಪ್ಲಗ್ಗುಗಳನ್ನು ಮತ್ತೆ ಕೂರಿಸಿ, ರೇಡಿಯೇಟರಿನ ಬಾಯಿಗೆ ಒಂದು ತೆಳು ಪ್ಲಾಸ್ಟಿಕ್ ಕವರು ಹಾಕಿ, ಕತ್ತಿಗೆ ರಬ್ಬರ್ ಬ್ಯಾಂಡು ಸುತ್ತಿ, ಇವರನ್ನು ಸ್ಟಾರ್ಟ್ ಮಾಡಲು ಹೇಳಿದರು.

ಸೋತು ಬಿದ್ದಿದ್ದ ಕವರು ಎದ್ದು ನಿಂತಿತು. ಉಬ್ಬಿತು. ಎಂಜಿನ್ನು ಗುಟುರು ಹಾಕಿದ ಹಾಗೆಲ್ಲ ಅದೂ ಮಿಡಿಯುತ್ತಿತ್ತು.

"ಆವಿ ಇರ್ಬೇಕು ಅದು," ಎಂದರು ಇವರು, ಒಳಗಿನಿಂದಲೇ.

"ಸಾರ್, ಇನ್ನೂ ಮಂಜಿನ ಹಾಗೆ ತಣ್ಣಗಿದೆ ಇದು. ಅಕ್ಕ, ಮುಟ್ಟಿ ನೋಡಿ ಬೇಕಾದ್ರೆ. ಆವಿ ಎಲ್ಲಿಂದ ಬರ್ಬೇಕು?"

ಮುಟ್ಟಿದೆ. ತಣ್ಣಗಿತ್ತು. ಎಂಜಿನ್ನಿನ ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಒಂದು ಹಾಳೆ ಇರುತ್ತದೆ, ಗ್ಯಾಸ್ಕೆಟ್ಟು. ಬೆಂಕಿ ಬೆಂಕಿಯ ಜಾಗದಲ್ಲಿ, ನೀರು ನೀರಿನ ಜಾಗದಲ್ಲಿ ಇರುವಂತೆ ನೋಡಿಕೊಳ್ಳುವುದು ಅದು, ಅದೇ ಹೋಗಿದೆ ಎಂದು ಅವರು ಹೇಳಿದರು. ಬೆಂಕಿ ನೀರಿನ ದಾರಿಗೆ ನುಗ್ಗುತ್ತಿದೆ, ನೀರು ಬೆಂಕಿಯ ದಾರಿಯಲ್ಲಿ ಸುಟ್ಟು ಹೊಗೆಯಾಗಿ ಹೋಗುತ್ತಿದೆ. ಆ ಒಂದು ಪ್ಲಗ್ಗನ್ನು ಬೆಳ್ಳಗೆ ತೊಳೆದದ್ದೂ ಅದೇ ನೀರು. ಬರೀ ಹಾಳೆಯಾದರೆ ಬದಲಾಯಿಸಬಹುದು. ಹೆಡ್ಡು ಸೊಟ್ಟಗಾಗಿದ್ದರೆ ಕೋಲಾರದ ಲೇತಿಗೆ ಕಳಿಸಬೇಕು. ಬ್ಲಾಕೇ ಬಿರುಕು ಬಿಟ್ಟಿದ್ದರೆ? ಅದನ್ನು ಕೇಳಿದ್ದು ನಾನು. ಬಿಚ್ಚದೆ ಹೇಳಕ್ಕಾಗಲ್ಲ ಅಕ್ಕ ಎಂದು ಅವರು ಕೈ ಒರೆಸಿಕೊಂಡರು. ಮೊದಲೇ ಹೊಳೆಯಬೇಕಿತ್ತು, ನಿಮ್ಮ ಗೋಣಿ ನನ್ನನ್ನ ಕೆಡಿಸಿಬಿಡ್ತು ಎಂದೂ ಅಂದರು. ಯಾರೂ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲಿಲ್ಲ.

ಬಿಚ್ಚಿಡಲು ನಮ್ಮಿಂದಾಗಲಿಲ್ಲ. ಮನೆಯಲ್ಲಿ ಹುಳು ಆಗಲೇ ಸೊಪ್ಪು ಬಿಡುತ್ತಿದ್ದವು. ಮಾರನೆಯ ಬೆಳಗ್ಗೆ ಮುಳಬಾಗಿಲ ಆಚೆ ಒಂದು ಹಳ್ಳಿಗೆ ತಲುಪಬೇಕಿತ್ತು. ಅಲ್ಲಿನ ಹೆಣ್ಣುಮಗಳು ವರ್ಷಗಳಿಂದ ನಮ್ಮ ಹುಳುವನ್ನೇ ಸಾಕುವವಳು. ಹುಳುವಿನ ಮನೆ ತೊಳೆದು, ಸುಣ್ಣ ಬಳಿದು, ಸೊಪ್ಪು ಹದಕ್ಕೆ ತಂದು ಕಾಯುತ್ತಿದ್ದಳು. ಮೆಕ್ಯಾನಿಕ್ ಬೇಡ ಎಂದು ಎರಡೆರಡು ಸಲ ಹೇಳಿದರು. ಕೊನೆಗೆ, ಹೋಗಲೇಬೇಕೆಂದರೆ ಮುಚ್ಚಳ ಸಡಿಲ ಬಿಟ್ಟು ನಿಧಾನವಾಗಿ ಹೋಗಿ, ಬಿಸಿ ಎಂಜಿನ್ನಿಗೆ ಮಾತ್ರ ತಣ್ಣೀರು ಸುರಿಯಬೇಡಿ ಎಂದು ಕಳಿಸಿದರು.

ಕೋಲಾರದವರೆಗೆ ಮುಳ್ಳು ನಮ್ಮ ಮಾತು ಕೇಳಿತು. ಆಮೇಲೆ ಕೇಳಲಿಲ್ಲ. ನಿಂತು ನಿಂತು ಹೋಗುವುದರಲ್ಲಿ ಬಿಸಿಲೇರಿತು, ಎಂಜಿನ್ನಿಗೆಂದು ತಂದ ನೀರೆಲ್ಲ ಮುಗಿಯಿತು. ದೊಡ್ಡ ರಸ್ತೆ ಬಿಟ್ಟು ಹಳ್ಳಿಯ ದಾರಿಗೆ ತಿರುಗಿ, ಮಾವಿನ ತೋಪುಗಳ ನಡುವೆ ಒಂದು ಹೊಂಗೆ ಮರದ ಹತ್ತಿರ ಬುಸ್ಸೆಂದು ಬಿಳಿ ಹೊಗೆ ಎದ್ದಿತು. ನಾನು ಕೂತಿದ್ದ ಸೀಟು ಕೂರಲಾಗದಷ್ಟು ಸುಡುತ್ತಿತ್ತು. ಆ ಝಳ ಹಿಂದಕ್ಕೂ ಹೋಗುತ್ತಿತ್ತು, ತಟ್ಟೆಗಳ ಕಡೆಗೆ. ಗೋಣಿಯ ಅಂಚುಗಳು ಆಗಲೇ ಒಣಗಿ ಬಿರುಸಾಗಿದ್ದವು.

ತಟ್ಟೆಗಳನ್ನು ಇಳಿಸಿ ಮರದ ನೆರಳಿಗೆ ಇಟ್ಟೆವು. ಒಂದರ ಮೇಲಿನ ಪೇಪರು ಸರಿಸಿ ನೋಡಿದೆ. ಕೆಲವು ಎದ್ದಿದ್ದವು. ತಲೆ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ಆ ಹೆಣ್ಣುಮಗಳಿಗೆ ಫೋನು ಮಾಡಿದೆ. ಜನ ಕರೆದುಕೊಂಡು ಬರ್ತೀನಕ್ಕಾ, ಸ್ವಲ್ಪ ತಡವಾಗುತ್ತೆ ಎಂದಳು. ಸುತ್ತ ಒಂದು ಮನೆಯೂ ಕಾಣಲಿಲ್ಲ. ಉಳಿದಿದ್ದು ಒಂದು ಕ್ಯಾನು ನೀರು, ಊರಿನ ಫಿಲ್ಟರಿನಿಂದ ಹಿಡಿದು ತಂದದ್ದು. ಗೋಣಿಗೆ ನಾನು ಬೋರ್‌ವೆಲ್ ನೀರು ಹಾಕುತ್ತಿರಲಿಲ್ಲ, ಉಪ್ಪು ಕಟ್ಟಿ ಗೋಣಿ ಕಟ್ಟಿಗೆಯ ಹಾಗಾಗುತ್ತದೆ.

ಇವರು ಎಂಜಿನ್ನು ಆರುವುದನ್ನೇ ಕಾಯುತ್ತ ಕೂತಿದ್ದರು. ಆಮೇಲೆ ಎದ್ದು ಬಂದು ಕ್ಯಾನಿನ ಹಿಡಿಗೆ ಕೈ ಹಾಕಿದರು.

"ಇನ್ನೊಂಚೂರು ದೂರ ಕಣೇ. ಇದನ್ನ ಹಾಕಿದ್ರೆ ಊರು ಮುಟ್ಟುತ್ತೆ."

"ಮುಟ್ಟದಿದ್ರೆ?"

"ಮುಟ್ಟುತ್ತೆ ಅಂದ್ನಲ್ಲ."

"ರೀ, ಪೇಪರು ಒಣಗಿತ್ತು."

ಅವರು ನನ್ನ ಮುಖ ನೋಡಲಿಲ್ಲ. ವ್ಯಾನಿನ ಕಡೆ ನೋಡಿದರು. ಕ್ಯಾನು ಎತ್ತಿದರು. ನಾನು ತಡೆಯಬೇಕೆಂದು ಕೈ ಮುಂದೆ ಮಾಡಿದವಳು ಹಾಗೇ ನಿಂತೆ. ಅವರು ಮರದ ಕೆಳಗೆ ಬಂದು, ಮಂಡಿಯೂರಿ, ಗೋಣಿಯ ಮೇಲೆ ಅಂಗೈ ಅಡ್ಡ ಹಿಡಿದು ನೀರು ಹರಡುತ್ತ ಹೋದರು, ಒಂದು ಹನಿಯೂ ಹುಳುವಿನ ಮೇಲೆ ಬೀಳದ ಹಾಗೆ. ಆ ಕೆಲಸ ಯಾವತ್ತೂ ನನ್ನದಾಗಿತ್ತು. ಅಷ್ಟು ಚೆನ್ನಾಗಿ ಅವರಿಗೆ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಅವಳು ಮೈದುನ, ಓರಗಿತ್ತಿ, ಪಕ್ಕದ ತೋಟದವರನ್ನು ಕರೆದುಕೊಂಡು ಬಂದಳು. "ಅಯ್ಯೋ ಪಾಪಂ, ಇದೇನಕ್ಕಾ" ಎಂದು ತೆಲುಗು ಬೆರೆಸಿ ಒಂದು ಮಾತು, ಅಷ್ಟೇ. ತಟ್ಟೆಗಳು ತಲೆಯ ಮೇಲೆ ಸಾಲಾಗಿ ಮಾವಿನ ತೋಪಿನ ಒಳದಾರಿ ಹಿಡಿದು ಹೋದವು. ನಾನೂ ಒಂದು ಹೊತ್ತೆ. ಗೋಣಿಯ ನೀರು ಕತ್ತಿನ ಮೇಲೆ ಇಳಿಯುತ್ತಿತ್ತು. ಹಿಂದೆ ತಿರುಗಿ ನೋಡಿದಾಗ ಇವರು ವ್ಯಾನಿನ ಒಳಗೆ ಕೂತು ಕೀಲಿ ತಿರುಗಿಸುತ್ತಿದ್ದರು. ಟಕ್ ಎಂದಿತು. ಇನ್ನೊಂದು ಸಲವೂ ಟಕ್. ಅದಾದ ಮೇಲೆ ಅವರು ತಿರುಗಿಸಲಿಲ್ಲ.

ವ್ಯಾನನ್ನು ಮಾಲೂರಿಗೆ ಎಳೆದು ತಂದದ್ದು ಟೊಮೇಟೊ ಸಾಗಿಸುವ ಒಂದು ಟೆಂಪೋ, ಹಗ್ಗ ಕಟ್ಟಿ. ದಾರಿಯುದ್ದಕ್ಕೂ ಆ ಕಾಯಿಯ ವಾಸನೆ, ಔಷಧಿಯ ಘಾಟು ನಮ್ಮ ಮುಖಕ್ಕೆ ಬಡಿಯುತ್ತಿತ್ತು. ಕಿಟಕಿ ಏರಿಸಲು ಹೋಗಿ ಕೈ ಬಿಟ್ಟೆ.

ಹೆಡ್ಡು ಬಿಚ್ಚಿದ ದಿನ ನಾನೂ ಹೋಗಿದ್ದೆ. ಗ್ಯಾಸ್ಕೆಟ್ಟು ಬೆಂಕಿ ಉರಿಯುವ ಎರಡು ಬಾಯಿಗಳ ನಡುವೆ ಸುಟ್ಟು ತಿಂದುಹೋಗಿತ್ತು. ಮೆಕ್ಯಾನಿಕ್ ಅದನ್ನು ಪಕ್ಕಕ್ಕಿಟ್ಟು, ಬ್ಲಾಕನ್ನು ಬಟ್ಟೆಯಲ್ಲಿ ಒರೆಸಿ, ಬೆಳಕು ಬೀಳುವಂತೆ ಸರಿದು ನಿಂತರು. ಅದೇ ಜಾಗದಲ್ಲಿ ಕಬ್ಬಿಣದ ಮೇಲೆ ಕೂದಲಿನಂಥ ಒಂದು ಗೀರು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ನೀರು ಓಡಾಡುವ ತೂತುಗಳ ಒಳಗೆಲ್ಲ ಬಿಳಿ ಗಟ್ಟಿ ಕಟ್ಟಿತ್ತು. ಅದನ್ನು ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ. ನಮ್ಮ ಬಚ್ಚಲ ಹಂಡೆಯ ತಳದಲ್ಲಿ ದಿನವೂ ನೋಡುವುದೇ ಅದು, ನಮ್ಮ ಬೋರ್‌ವೆಲ್ ನೀರಿನದು.

"ಬೇರೆ ಎಂಜಿನ್ ಹುಡುಕ್ಲಾ ಸಾರ್?" ಎಂದು ಮೆಕ್ಯಾನಿಕ್ ಕೇಳಿದರು.

ಇವರು ಆ ಗೀರಿನ ಮೇಲೆ ಉಗುರು ಆಡಿಸುತ್ತಿದ್ದರು. ಈ ಮಾದರಿ ಬರುವುದು ನಿಂತು ಕಾಲವಾಗಿದೆ, ಸಿಕ್ಕರೂ ಇಷ್ಟೇ ಹಳೆಯದು ಸಿಗಬೇಕು ಎಂದು ಮೆಕ್ಯಾನಿಕ್ ತಾವೇ ತಮ್ಮ ಮಾತಿಗೆ ಉತ್ತರ ಹೇಳಿಕೊಂಡರು. ಆದರೂ ಹುಡುಕಿದರು. ಸಿಗಲಿಲ್ಲ. ಹೊಸ ಗಾಡಿ ಎನ್ನುವ ಮಾತು ನಮ್ಮಿಬ್ಬರ ಬಾಯಲ್ಲೂ ಬರಲಿಲ್ಲ.

ಆ ಹೆಣ್ಣುಮಗಳ ಬೆಳೆ ಮಾತ್ರ ಕೈಹಿಡಿಯಿತು. ಹುಳು ಚೆನ್ನಾಗಿ ಹಣ್ಣಾಗಿ ಗೂಡು ಕಟ್ಟಿದವು. ಗೂಡು ಬಿಡಿಸುತ್ತಲೇ ಫೋನು ಮಾಡಿದಳು. ಇಷ್ಟು ಗಟ್ಟಿ ಗೂಡು ಈಚೆಗೆ ಬಂದೇ ಇರಲಿಲ್ಲ, ಅವತ್ತು ಮರದ ಕೆಳಗೆ ಕೂತಿದ್ದವೇ ಇವು ಎಂದು ನಕ್ಕಳು. ಮುಂದಿನ ಬೆಳೆಗೆ ಹುಳು ಯಾವಾಗ ಬಿಡಿಸ್ತೀರಿ ಎಂದು ಕೇಳಿದಳು. ಬಿಡಿಸುವುದಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಶ್ರೀನಿವಾಸಪುರದ ಹತ್ತಿರದ ಬೇರೊಂದು ಚಾಕಿ ಮನೆಯವರ ಹೆಸರು ಕೊಟ್ಟೆ.

"ಅವರ ಗಾಡೀಲಿ ತರಕಾರೀನೂ ಹಾಕ್ತಾರಂತಲ್ಲಕ್ಕಾ."

"ತೊಳ್ಸಮ್ಮ. ಬರೋಕೆ ಮುಂಚೆ ತೊಳ್ಸಿ ಅಂತ ನೀನೇ ಒತ್ತಿ ಹೇಳು. ಗೋಣಿ ಚೆನ್ನಾಗಿ ಒದ್ದೆ ಮಾಡ್ಕೊಂಡು ಬರೋಕ್ಹೇಳು."

ಆಗಲಿ ಎಂದಳು.

ವ್ಯಾನು ಈಗ ನಮ್ಮ ಅಂಗಳದಲ್ಲೇ ಇದೆ. ಗುಜರಿಯವರು ಬಂದು ಸುತ್ತು ಹಾಕಿ ಹೋದರು, ಇವರು ಮಾತಾಡಿಸಲಿಲ್ಲ. ಚಾಕಿ ಮನೆಯ ತಟ್ಟೆಗಳನ್ನು ತೊಳೆದು ಅದರೊಳಗೇ ಜೋಡಿಸಿಟ್ಟಿದ್ದೇನೆ, ಇಲಿ ಬರದ ಜಾಗ ಅದೊಂದೇ. ಬೆಳಗ್ಗೆ ಅಂಗಳ ಗುಡಿಸುವಾಗ ಪೊರಕೆ ವ್ಯಾನಿನ ಕೆಳಗೂ ಹೋಗುತ್ತದೆ. ಅಲ್ಲಿ ಮಣ್ಣು ಮೊದಲು ಯಾವಾಗಲೂ ಕೆಸರಾಗಿ ಪೊರಕೆಗೆ ಅಂಟುತ್ತಿತ್ತು. ಈಗ ಧೂಳು ಏಳುತ್ತದೆ.